ಇಪ್ಪತ್ತಮೂರು, ಮೇಲೊಬ್ಬರು

ಮೈಕು ಬಲಗೈಯಲ್ಲಿತ್ತು. ಮಾತು ನಿಲ್ಲಿಸದೆಯೇ ಗೈಡಮ್ಮ ಎಡಗೈಯಲ್ಲಿದ್ದ ನೀರಿನ ಬಾಟಲಿಯನ್ನು ಬೆನ್ನ ಹಿಂದಕ್ಕೆ ಚಾಚಿದಳು. ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ.

"ಎಲ್ಲರೂ ಬಲಗಡೆ ನೋಡಿ. ಒಂದೇ ಬೀದಿ, ನಾಲ್ಕು ಮತ. ಮೊದಲು ದೇವಸ್ಥಾನ, ಅದರ ಗೋಡೆಗೆ ಅಂಟಿಕೊಂಡೇ ಮಸೀದಿ, ಅದರಾಚೆ ಚರ್ಚು. ಮೂಲೆಯಲ್ಲಿ ಕೆಂಪು ಬಾಗಿಲು ಕಾಣ್ತಿದೆಯಲ್ಲ, ಅದು ಬುದ್ಧನ ಮಂದಿರ. ನಾಲ್ಕಕ್ಕೂ ಸೇರಿ ಇರೋದು ಒಂದೇ ಬಾವಿ. ಜಗಳ ಆಗಲ್ವಾ ಅಂತ ಎಲ್ಲರೂ ಕೇಳ್ತಾರೆ. ಆಗುತ್ತೆ. ದಿನಾ ಆಗುತ್ತೆ. ಗಾಡಿ ನಿಲ್ಲಿಸೋ ಜಾಗಕ್ಕೆ."

ಬಸ್ಸು ನಕ್ಕಿತು. ಈ ತಿರುವಿನಲ್ಲಿ ಬಸ್ಸು ಇಪ್ಪತ್ತೆಂಟು ವರ್ಷದಿಂದ ನಗುತ್ತಲೇ ಬಂದಿದೆ. ಮೊದಲೆಲ್ಲ ಜಗಳ ಸೈಕಲ್ ನಿಲ್ಲಿಸುವ ಜಾಗಕ್ಕೆ ಆಗುತ್ತಿತ್ತು, ಈಗ ಕಾರು ನಿಲ್ಲಿಸುವುದಕ್ಕೆ ಆಗುತ್ತದೆ. ನಗು ಇಳಿಯುವವರೆಗೆ ಗೈಡಮ್ಮನಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲೇ ಗಂಡನಿಗೆ ಎರಡು ಗುಟುಕು ನೀರು ಕುಡಿಸುವುದನ್ನು ಅವಳು ಹದಿನೈದು ದಿನದಿಂದ ರೂಢಿ ಮಾಡಿಕೊಂಡಿದ್ದಳು. ಇಲ್ಲದಿದ್ದರೆ ಆ ಮನುಷ್ಯನಿಗೆ ಬಾಯಾರಿಕೆ ಆಗಿದೆ ಅನ್ನುವುದೇ ನೆನಪಾಗುವುದಿಲ್ಲ.

"ತಗೊಳ್ಳಿ ಅಂದ್ರೆ," ಎಂದು ಮೈಕಿನಿಂದ ಬಾಯಿ ಸರಿಸಿ, ಬಾಟಲಿ ಅಲ್ಲಾಡಿಸಿದಳು. ಆಗಲೂ ಯಾರೂ ತೆಗೆದುಕೊಳ್ಳದಿದ್ದಾಗ ತಿರುಗಿ ನೋಡಿದಳು. ಬಾಗಿಲ ಪಕ್ಕದಲ್ಲಿದ್ದದ್ದು ಒಬ್ಬರು ಕೂರುವ ಮಡಚು ಸೀಟು. ಕೂತವರು ಎದ್ದರೆ ತಾನಾಗಿಯೇ ಮೇಲಕ್ಕೆ ಮಡಚಿಕೊಳ್ಳುತ್ತದೆ. ಅದೀಗ ಮಡಚಿಕೊಂಡು ಗೋಡೆಗೆ ಅಂಟಿಕೊಂಡಿತ್ತು.

ಅವಳು ಹಿಂದಿನ ಸಾಲಿನವರೆಗೂ ಕಣ್ಣು ಹಾಯಿಸಿದಳು.

"ಅಣ್ಣ, ನಿಲ್ಸಿ."

"ಇಲ್ಲಿ ನಿಲ್ಸೋ ಹಾಗಿಲ್ಲ ಗೈಡಮ್ಮ, ಹಿಂದೆ ಗಾಡಿಗಳು..."

"ಇವರಿಲ್ಲ."

ಡ್ರೈವರಣ್ಣ ಕನ್ನಡಿಯಲ್ಲಿ ನೋಡಿದ, ಆಮೇಲೆ ಕತ್ತು ತಿರುಗಿಸಿ ನೋಡಿದ. ಬಸ್ಸು ಬಾವಿಕಟ್ಟೆಯ ಪಕ್ಕಕ್ಕೆ ಜರುಗಿ ನಿಂತಿತು. "ಅಯ್ಯೋ ಗುರುಗಳು! ನೀವು ರೈಟ್ ಅಂದ್ರಿ, ನಾನು ಬಿಟ್ಟೆ," ಎಂದ. ಹಾಗೆಂದ ಮೇಲೆ, ತಾನು ಅಂದದ್ದು ಸರಿಯಾಗಲಿಲ್ಲ ಅನ್ನಿಸಿ ಸ್ಟೇರಿಂಗ್ ಮೇಲೆ ಹಣೆ ಇಟ್ಟುಕೊಂಡ.

ಹೌದು, ಅವಳೇ ರೈಟ್ ಅಂದಿದ್ದಳು. ಪಟ್ಟಿಯಲ್ಲಿ ಇಪ್ಪತ್ತಮೂರು ಇತ್ತು, ಎಣಿಸಿದಾಗ ಇಪ್ಪತ್ತಮೂರು ಬಂತು, ರೈಟ್ ಅಂದಳು.

ಎಣಿಸುವುದನ್ನು ಅವಳಿಗೆ ಕಲಿಸಿದವರು ಅವಳ ಯಜಮಾನರೇ. ಆಗ ಅವರು ಊರು ತೋರಿಸುವ ಬಸ್ಸಿನ ಹಿರಿಯ ಗೈಡು, ಅವಳು ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. "ಹಿಂದಿನ ಸೀಟಿಂದ ಶುರುಮಾಡು. ಭುಜ ಎಣಿಸು, ತಲೆ ಎಣಿಸಬೇಡ. ತಲೆ ಬಗ್ಗುತ್ತೆ, ಭುಜ ಬಗ್ಗಲ್ಲ. ಮುಖ ಮಾತ್ರ ನೋಡಲೇಬೇಡ. ಮುಖ ನೋಡಿದ್ಯೋ, ಎಣಿಕೆ ಹೋಯ್ತು ಅಂತಲೇ ಲೆಕ್ಕ," ಎಂದಿದ್ದರು. ಮುಖ ನೋಡಬೇಡ ಎಂದು ಪಾಠ ಹೇಳಿದ ಮನುಷ್ಯ ಒಂದೂವರೆ ವರ್ಷದಲ್ಲಿ ಅದೇ ಮುಖವನ್ನು ಮದುವೆಯಾದದ್ದು ಬೇರೆ ಮಾತು.

ಅಂಥ ಗೈಡು ಈ ಊರಿನಲ್ಲಿ ಇನ್ನೊಬ್ಬ ಇರಲಿಲ್ಲ. ಕೋಟೆಯ ಯಾವ ಕಲ್ಲು ಯಾವ ದೊರೆಯ ಕಾಲದ್ದು, ಹಳೇ ಸುಂಕದ ಕಟ್ಟೆಯಲ್ಲಿ ಎಷ್ಟು ಕಿಟಕಿ, ತೂಗುಸೇತುವೆಯ ಮೇಲೆ ಮೊದಲು ನಡೆದ ಆನೆ ಹೆದರಿತೋ ಇಲ್ಲವೋ, ಎಲ್ಲ ಅವರ ನಾಲಿಗೆಯ ತುದಿಯಲ್ಲಿರುತ್ತಿತ್ತು. ಕೆಲಸದಿಂದ ನಿವೃತ್ತರಾಗಿ ಎರಡು ವರ್ಷವಾಗುವಷ್ಟರಲ್ಲಿ ಮೊದಲು ಬೀಗದ ಕೈ ಎಲ್ಲಿಟ್ಟೆ ಎನ್ನುವುದು ಮರೆಯಿತು. ಆಮೇಲೆ ಬೀಗ ಯಾಕೆ ಹಾಕುತ್ತಾರೆ ಎನ್ನುವುದು ಮರೆಯಿತು. ಮಾತು ಕಡಿಮೆಯಾಗುತ್ತಾ ಬಂದು, ದಿನಕ್ಕೆ ಹತ್ತು ಮಾತಿಗೆ ನಿಂತಿತು. ಕೆಲವು ದಿನ ಅವಳು ಅವರಿಗೆ ಹೆಂಡತಿ, ಕೆಲವು ದಿನ ತೀರಿಕೊಂಡ ಅಕ್ಕ, ಕೆಲವು ದಿನ ಯಾರೋ ಒಳ್ಳೆಯ ಹೆಂಗಸು. ಹೆಂಡತಿಯಾದ ದಿನ ಅವಳು ತಲೆಗೆ ಎಣ್ಣೆ ಹಚ್ಚಿಕೊಂಡು ಸರಿಯಾಗಿ ಜಡೆ ಹಾಕಿಕೊಳ್ಳುತ್ತಿದ್ದಳು.

ಪಕ್ಕದ ಮನೆಯವರು ಹಗಲು ನೋಡಿಕೊಳ್ಳುತ್ತಿದ್ದರು. ಎರಡು ಸಲ ಅವರ ಕಣ್ಣು ತಪ್ಪಿಸಿ ಹೊರಟುಹೋದ ಮೇಲೆ ಅವರೂ ಕೈಮುಗಿದರು. ಆಗ ಗೈಡಮ್ಮ ಗಂಡನನ್ನು ಬಸ್ಸಿಗೇ ಕರೆತಂದಳು. ಮ್ಯಾನೇಜರು ಕನ್ನಡಕ ತೆಗೆದು ಒರೆಸುತ್ತಾ, "ನೀವು ಹೇಳಿಲ್ಲ, ನಾನು ನೋಡಿಲ್ಲ. ಅವರು ನಮಗೆಲ್ಲ ಗುರು ಇದ್ದ ಹಾಗೆ. ಆದ್ರೆ ಪಟ್ಟಿಯಲ್ಲಿ ಮಾತ್ರ ಹೆಸರು ಬೇಡಮ್ಮ, ಕೇಳೋರು ಬಂದ್ರೆ ನನ್ನ ಕುತ್ತಿಗೆಗೆ ಬರುತ್ತೆ," ಎಂದಿದ್ದರು. ಹಾಗಾಗಿ ಅವರು ಪಟ್ಟಿಯಲ್ಲಿ ಇರಲಿಲ್ಲ. ಮಡಚು ಸೀಟಿನಲ್ಲಿ ಕೂತು, ತಾವೇ ಮೂವತ್ತು ವರ್ಷ ತೋರಿಸಿದ ಊರನ್ನು ಕಿಟಕಿಯಿಂದ ನೋಡುತ್ತಾ, ನಡುನಡುವೆ "ಇದು ಯಾವ ಊರು?" ಎಂದು ಕೇಳುತ್ತಿದ್ದರು. "ನೋಡೋಕೇ ಬಂದಿದೀವಲ್ಲ ರೀ, ನೋಡಿ," ಎನ್ನುತ್ತಿದ್ದಳು ಅವಳು. ಪ್ರತಿ ನಿಲುಗಡೆಯಲ್ಲೂ ಎಣಿಸಿ ಮುಗಿಸಿ, ಮನಸ್ಸಿನಲ್ಲೇ "ಮೇಲೊಬ್ಬರು" ಎಂದು ಸೇರಿಸಿಕೊಂಡು, ಅವರ ಭುಜ ಮುಟ್ಟಿ, ಆಮೇಲೆ ರೈಟ್ ಅನ್ನುತ್ತಿದ್ದಳು.

ಮಗಳಿಗೆ ಇದು ಸರಿಬೀಳಲಿಲ್ಲ. ಅವಳು ಊರ ಹೊರಗಿನ ಒಂದು ಆರೈಕೆ ಮನೆಯಲ್ಲಿ ವಿಚಾರಿಸಿಟ್ಟಿದ್ದಳು. ಒಂದು ಹಾಸಿಗೆ ಖಾಲಿಯಾಗಿತ್ತು. ಈ ದಿನ ಸಂಜೆ ಐದರೊಳಗೆ ಹೂಂ ಅನ್ನದಿದ್ದರೆ ಅದು ಬೇರೆಯವರಿಗೆ ಹೋಗುತ್ತದೆ ಎಂದು ಬೆಳಿಗ್ಗೆ ಫೋನಿನಲ್ಲಿ ಮತ್ತೆ ಹೇಳಿದ್ದಳು.

"ಅಮ್ಮ, ಅಲ್ಲಿ ನರ್ಸ್ ಇರ್ತಾರೆ, ಬಾಗಿಲಿಗೆ ಕಾವಲು ಇರುತ್ತೆ. ನಿನ್ನ ಕೈಲಿ ಆಗಲ್ಲ."

ಅಂಗಿಯ ಗುಂಡಿ ಹಾಕಿಸಿಕೊಳ್ಳುತ್ತಾ ನಿಂತಿದ್ದ ಗಂಡನ ಎದುರಿಗೇ ಗೈಡಮ್ಮ ಎಗರಾಡಿದ್ದಳು. "ಇಪ್ಪತ್ತೆಂಟು ವರ್ಷದಲ್ಲಿ ಒಬ್ಬೇ ಒಬ್ಬ ಪ್ಯಾಸೆಂಜರನ್ನ ಎಲ್ಲೂ ಬಿಟ್ಟು ಬಂದೋಳಲ್ಲ ನಾನು. ಕಟ್ಕೊಂಡ ಗಂಡನ್ನ ಬಿಟ್ಟು ಬರ್ತೀನೇನೇ? ನಾನು ಬದುಕಿರೋವರೆಗೆ ಆ ಮಾತು ಎತ್ತಬೇಡ."

ಮಗಳು ಅಳುವ ಸದ್ದು ಕೇಳಿಸಿತ್ತು. ಅಳಲಿ ಎಂದುಕೊಂಡು ಫೋನು ಇಟ್ಟಿದ್ದಳು.

ಮತ್ತೆ ಈಗ, ಗಡಿಯಾರ ಗೋಪುರದ ಬಳಿ ಏನಾಯಿತು? ಅವಳು ನೆನಪು ಮಾಡಿಕೊಂಡಳು. ಅಲ್ಲಿ ಇಪ್ಪತ್ತು ನಿಮಿಷದ ನಿಲುಗಡೆ. "ಇಲ್ಲೇ ಕೂತಿರಿ, ಅಣ್ಣ ಇರ್ತಾರೆ," ಎಂದು ಗಂಡನಿಗೆ ಹೇಳಿ ಇಳಿದಿದ್ದಳು. ಡ್ರೈವರಣ್ಣ ಹಿಂದಿನ ಗಾಜು ಒರೆಸಲು ಇಳಿದಿದ್ದ. ಎಲ್ಲರೂ ಫೋಟೋ ತೆಗೆಸಿಕೊಂಡು ಹತ್ತಿದರು. ಹಿಂದಿನಿಂದ ಎಣಿಸುತ್ತಾ ಬಂದಳು. ಮುಂದಿನ ಸಾಲಿನಲ್ಲಿ ಹೊರದೇಶದ ಗಂಡಹೆಂಡಿರಿಬ್ಬರು ಕೂತಿದ್ದರು. ಇಪ್ಪತ್ತೆರಡು, ಇಪ್ಪತ್ತಮೂರು ಎಂದು ಅವರ ಭುಜ ಮುಟ್ಟುವಷ್ಟರಲ್ಲಿ ಆ ಹೆಂಗಸು ಅವಳ ಕೈ ಹಿಡಿದುಕೊಂಡು ಕೇಳಿದಳು: "ಅವಳು ಕೊನೆಗೆ ಬಂದಳಾ?"

ಗೋಪುರದ ಬಳಿ ಗೈಡಮ್ಮ ಹೇಳುವ ಕಥೆಯ ಬಗ್ಗೆ ಆ ಪ್ರಶ್ನೆ. ಯಾರಾದರೂ ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅವಳು ತಿರುಗಿ ನಿಂತು, ಬೆನ್ನು ಬಾಗಿಲ ಕಡೆ ಮಾಡಿ, ಯಜಮಾನರು ಕಲಿಸಿದ ಹಾಗೆಯೇ ಒಂದು ಕ್ಷಣ ಸುಮ್ಮನಿದ್ದು, "ಅದನ್ನ ನೀವೇ ಹೇಳ್ಬೇಕು," ಎಂದಳು. ಬಸ್ಸು ಚಪ್ಪಾಳೆ ತಟ್ಟಿತು. ಪಟ್ಟಿ ಸರಿಯಾಗಿತ್ತು. ರೈಟ್.

ಈಗ ಮೈಕು ಇನ್ನೂ ಕೈಯಲ್ಲೇ ಇತ್ತು. ಇಪ್ಪತ್ತಮೂರು ಜನ ಅವಳನ್ನೇ ನೋಡುತ್ತಿದ್ದರು.

"ಕ್ಷಮಿಸಿ," ಎಂದಳು ಮೈಕಿನಲ್ಲಿ. "ನನ್ನ ಗಂಡನ್ನ ಗಡಿಯಾರ ಗೋಪುರದ ಹತ್ರ ಮರೆತು ಬಂದುಬಿಟ್ಟೆ."

ಬಸ್ಸು ಹೋ ಎಂದು ನಕ್ಕಿತು. ಬೆಳಿಗ್ಗೆಯಿಂದ ಅವಳು ಗಂಡಂದಿರ ಮೇಲೆ ನಾಲ್ಕೈದು ತಮಾಷೆ ಮಾಡಿದ್ದಳಲ್ಲ, ಇದೂ ಒಂದು ಎಂದುಕೊಂಡರು. ಹಿಂದಿನ ಸಾಲಿನವನೊಬ್ಬ "ನಮ್ಮೋಳನ್ನೂ ಬಿಟ್ಟು ಬರಬಹುದಿತ್ತು!" ಎಂದ. ಅವಳ ಮುಖ ನೋಡಿದ ಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಮುಂದಿನ ಸಾಲಿನ ಆ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಇದು ಒನ್‌ವೇ," ಎಂದ ಡ್ರೈವರಣ್ಣ. "ಸೇತುವೆ ಸುತ್ತಿ ಬರಬೇಕು. ಅರ್ಧ ಗಂಟೆ ಆದ್ರೂ ಬೇಕು."

"ಸುತ್ತಿ ಬನ್ನಿ. ನಾನು ಗಲ್ಲಿಲಿ ಹೋಗ್ತೀನಿ."

"ಗೈಡು ಬಸ್ ಬಿಟ್ಟು ಇಳಿಯೋ ಹಾಗಿಲ್ಲ ಗೈಡಮ್ಮ..."

ಅವಳು ಆಗಲೇ ಇಳಿದಾಗಿತ್ತು. ಕೈಯಲ್ಲಿ ಬಾಟಲಿ ಇತ್ತು. ಮೈಕನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ.

ಕೆಂಪು ಬಾಗಿಲಿನ ಪಕ್ಕದ ಗಲ್ಲಿ ಹಿಡಿದರೆ ಹಳೇ ಸುಂಕದ ಕಟ್ಟೆಯ ಹಿಂಭಾಗಕ್ಕೆ ಬೀಳಬಹುದು. ಸೀರೆಯ ನೆರಿಗೆ ಎತ್ತಿ ಹಿಡಿದು ಅವಳು ಬಿರಬಿರನೆ ನಡೆದಳು, ಆಮೇಲೆ ಓಡಿದಳು. ಐವತ್ತೆರಡು ವರ್ಷದ ಹೆಂಗಸು ಹಾಗೆ ಓಡುವುದನ್ನು ಕಂಡು ದರ್ಜಿ ಬೀದಿಯಲ್ಲಿ ಹೊಲಿಗೆ ಯಂತ್ರಗಳು ಒಂದು ಗಳಿಗೆ ನಿಂತವು. ಬೆಳಿಗ್ಗೆ ಸಾಲಾಗಿ ತೋರಿಸಿದ್ದೆಲ್ಲ ಈಗ ಹಿಂದುಮುಂದಾಗಿ ಎದುರು ಬರುತ್ತಿತ್ತು. ಎಷ್ಟು ಹಾಳು ಅಭ್ಯಾಸ ನೋಡಿ, ಉಸಿರು ಕಟ್ಟುತ್ತಿದ್ದರೂ ಬಾಯಿ ತನ್ನಷ್ಟಕ್ಕೆ ತಾನು ಒದರುತ್ತಲೇ ಇತ್ತು: ಎಡಗಡೆ ನೋಡಿ, ಸುಂಕದ ಕಟ್ಟೆ, ನೂರಹನ್ನೊಂದು ಕಿಟಕಿ, ಒಂದು ಕಿಟಕಿ ಮಾತ್ರ ಎಂದೂ ತೆಗೆದಿಲ್ಲ. ಬಲಗಡೆ ನೋಡಿ, ನಾವಿಕರ ಆಸ್ಪತ್ರೆ, ಈಗ ಅಂಚೆ ಕಚೇರಿ. ನೋಡಿ, ನೋಡಿ. ದೇವರೇ, ಅವರು ರಸ್ತೆ ದಾಟದೆ ಇರಲಿ. ಬಂದರಿನ ಕಡೆ ನೀರಿಗೆ ಇಳಿಯುವ ಮೆಟ್ಟಿಲಿದೆ, ಆ ಕಡೆ ಹೋಗದೆ ಇರಲಿ. ಯಾರಾದರೂ ಕೈ ಹಿಡಿದು ಕೂರಿಸಿರಲಿ. ಇನ್ನು ಮೇಲೆ ಪಟ್ಟಿ ನೋಡಲ್ಲ, ಮುಖಾನೇ ನೋಡ್ತೀನಿ, ಇದೊಂದು ಸಲ ಸಿಕ್ಕಿಬಿಡಲಿ.

ಗೋಪುರದ ಚೌಕಕ್ಕೆ ಬಂದಾಗ ಬಸ್ಸು ನಿಂತಿದ್ದ ಜಾಗದಲ್ಲಿ ಒಂದು ಹಣ್ಣಿನ ಗಾಡಿ ನಿಂತಿತ್ತು. ಅಲ್ಲಿ ಅವರಿರಲಿಲ್ಲ. ಪೇಟೆಯ ಕಡೆ ಇರಲಿಲ್ಲ, ಕೋಟೆಯ ಕಡೆ ಇರಲಿಲ್ಲ. ಗೋಪುರವನ್ನು ಸುತ್ತಿ ಬಂದರಿನ ಕಡೆಗೆ ತಿರುಗುವಷ್ಟರಲ್ಲಿ ಅವಳಿಗೆ ದನಿ ಕೇಳಿಸಿತು.

"ಈ ಕಡೆ ಬನ್ನಿ, ನೆರಳಿಗೆ ಬನ್ನಿ. ಈಗಲೇ ಕತ್ತು ನೋಯಿಸ್ಕೋಬೇಡಿ. ನಾನು ಮೇಲೆ ನೋಡಿ ಅಂದಾಗ ನೋಡಿದ್ರೆ ಸಾಕು."

ಅವಳು ಕಂಬದ ಮರೆಯಲ್ಲಿ ನಿಂತುಬಿಟ್ಟಳು. ಎರಡು ವರ್ಷದಿಂದ ಆ ದನಿ ಕೇಳಿರಲಿಲ್ಲ. ಈಗಿನ ತೊದಲು ದನಿಯಲ್ಲ ಅದು. ಹಿಂದಿನ ಸೀಟಿಗೂ ತಲುಪುವ, ಆದರೆ ಮುಂದಿನ ಸೀಟಿನವರ ಕಿವಿಗೆ ನೋವಾಗದ ಹಳೆಯ ದನಿ. ಯಜಮಾನರು ಗೋಪುರದ ಬುಡದಲ್ಲಿ, ಬಂದರಿನ ಕಡೆಯ ಮೆಟ್ಟಿಲಿನ ಮೇಲೆ ನಿಂತಿದ್ದರು. ಸುತ್ತ ಹತ್ತು ಜನ ಇದ್ದರು, ಕಾಲೇಜಿನ ನಾಲ್ಕೈದು ಮಕ್ಕಳು, ಹೊಸದಾಗಿ ಮದುವೆಯಾದ ಒಂದು ಜೋಡಿ, ಹುಲ್ಲಿನ ಟೋಪಿ ಹಾಕಿದ ಒಬ್ಬ ಅಜ್ಜಿ, ಇನ್ನೂ ಒಬ್ಬಿಬ್ಬರು. ಬಿಟ್ಟಿ ಗೈಡು ಸಿಕ್ಕಿದ ಎಂದು ಎಲ್ಲರೂ ಖುಷಿಯಾಗಿ ಕೇಳುತ್ತಿದ್ದರು. ಅವಳಿಗೆ ಅಳು ಉಕ್ಕಿ ಬಂತು, ಆದರೆ ಅದು ಸಂತೋಷದ ಅಳು. ಸಿಕ್ಕಿದರು. ಸಿಕ್ಕಿದ್ದಷ್ಟೇ ಅಲ್ಲ, ವಾಪಸ್ ಬಂದಿದ್ದಾರೆ. ಮಗಳಿಗೆ ಫೋನು ಮಾಡಿ ಕೇಳಿಸಬೇಕು, ನೋಡೇ ನಿಮ್ಮಪ್ಪನ್ನ ಎನ್ನಬೇಕು ಅನ್ನಿಸಿತು.

"ಈ ಗೋಪುರಕ್ಕೆ ನಾಲ್ಕು ಮುಖ," ಎಂದರು ಅವರು. "ಪೇಟೆ ಕಡೆ, ಕೋಟೆ ಕಡೆ, ರೈಲು ಕಡೆ, ಈ ಮೂರೂ ಸರಿಯಾದ ಗಂಟೆ ತೋರಿಸ್ತವೆ. ಬಂದರಿನ ಕಡೆಯದು ಮಾತ್ರ ನಾಲ್ಕು ನಿಮಿಷ ಹಿಂದೆ. ಈಗ ಮೇಲೆ ನೋಡಿ."

ಎಲ್ಲರೂ ನೋಡಿದರು. ಗೈಡಮ್ಮನೂ ನೋಡಿದಳು. ಮುಂದಿನದು ಅವಳಿಗೆ ಬಾಯಿಪಾಠ. ಗಡಿಯಾರ ಕೂರಿಸಿದ ಕಸುಬುದಾರನ ಹೆಂಡತಿ ದೂರದ ಊರಿನಿಂದ ಹಡಗಿನಲ್ಲಿ ಬರಬೇಕಿತ್ತು. ಸಂಜೆ ಆರು ಹೊಡೆದರೆ ಬಂದರಿನ ಬಾಗಿಲು ಮುಚ್ಚುತ್ತಿತ್ತು. ಹಡಗು ತಡವಾಯಿತು. ಬಾಗಿಲ ಕಾವಲಿನವನು ನೋಡುವುದು ಈ ಮುಖವನ್ನೇ. ಕಸುಬುದಾರ ಮೇಲೆ ಹತ್ತಿ ಮುಳ್ಳನ್ನು ನಾಲ್ಕು ನಿಮಿಷ ಹಿಂದಕ್ಕೆ ತಳ್ಳಿ ಹಿಡಿದ. ಅವನು ಸತ್ತ ಮೇಲೂ ಯಾರೂ ಅದನ್ನು ಸರಿಮಾಡಲಿಲ್ಲ. ಪ್ರವಾಸಿ ಕೈಪಿಡಿಯಲ್ಲೂ ಇದು ಅಚ್ಚಾಗಿದೆ. ಇಪ್ಪತ್ತೆಂಟು ವರ್ಷದಲ್ಲಿ ಅವಳು ಎಷ್ಟು ಸಾವಿರ ಸಲ ಹೇಳಿದ್ದಾಳೋ. ಪ್ರತಿ ಸಲವೂ ಮುಳ್ಳು ಹಿಡಿದು ನಿಂತ ಆ ಮನುಷ್ಯನನ್ನು ನೆನೆದು ತಾನೂ ಒಮ್ಮೆ ಮೇಲೆ ನೋಡುತ್ತಿದ್ದಳು. ಆ ಕಥೆಯನ್ನು ಅವಳು ಎಂದೂ ನಂಬದೆ ಹೇಳಿದವಳಲ್ಲ.

ಯಜಮಾನರು ಒಂದಕ್ಷರ ತಪ್ಪದೆ ಹೇಳಿ ಮುಗಿಸಿದರು.

"ಬಂದ್ಲಾ ಹಾಗಾದ್ರೆ?" ಎಂದು ಕೇಳಿತು ಟೋಪಿ ಅಜ್ಜಿ.

ಗೈಡಮ್ಮ ತುಟಿ ಅಲ್ಲಾಡಿಸುತ್ತಾ ಕಾದಳು. ಒಂದು ಕ್ಷಣ ಮೌನ, ಆಮೇಲೆ "ಅದನ್ನ ನೀವೇ ಹೇಳ್ಬೇಕು" ಅನ್ನಬೇಕು. ಮೌನವೇನೋ ಬಂತು. ಆದರೆ ಆ ಮಾತು ಬರಲಿಲ್ಲ.

"ಬಂದ್ಲು," ಎಂದರು ಅವರು. "ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಲಿ."

ಕಾಲೇಜಿನ ಮಕ್ಕಳು ನಕ್ಕರು. "ಆ ಕಾಲದಲ್ಲೂ ಚಪ್ಪಲಿ ಕಿತ್ತೋಗ್ತಿತ್ತಾ ಸಾರ್?"

"ಯಾವ ಕಾಲ? ಮೊನ್ನೆ ಅಲ್ವಾ!" ಎಂದು ಅವರೂ ನಕ್ಕರು. ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ, ಗುಟ್ಟು ಹೇಳುವವರ ಹಾಗೆ ಬಗ್ಗಿದರು. "ನಿಮ್ಮ ಹತ್ರ ಯಾಕೆ ಸುಳ್ಳು ಹೇಳ್ಲಿ. ಕಸುಬುದಾರನೂ ಇಲ್ಲ, ಹಡಗೂ ಇಲ್ಲ. ಆ ಮುಖದೊಳಗೆ ಒಂದು ಹಲ್ಲಿನ ಚಕ್ರ ಸವೆದಿದೆ, ಅಷ್ಟೇ. ನಮ್ಮ ಬಸ್ಸಿಗೆ ಒಂದು ಹುಡುಗಿ ಹೊಸದಾಗಿ ಕೆಲಸಕ್ಕೆ ಬಂದಿದಾಳೆ. ಮೂರನೇ ದಿನ. ಇಲ್ಲಿ ಬಸ್ ನಿಲ್ತು, ಚಪ್ಪಲಿ ಉಂಗುಷ್ಟ ಕಿತ್ತೋಯ್ತು ಅಂತ ಹೊಲಿಸೋಕೆ ಹೋದೋಳು ಪತ್ತೆಯಿಲ್ಲ. ಪ್ಯಾಸೆಂಜರೆಲ್ಲ ಬಸ್ ಬಿಡಿ ಬಸ್ ಬಿಡಿ ಅಂತ ಕೂಗಾಟ. ಬಿಟ್ಟು ಹೋದ್ರೆ ಆ ಹುಡುಗಿ ಕೆಲಸ ಹೋಗುತ್ತೆ. ಏನ್ ಮಾಡ್ಲಿ? ತಲೆ ಎತ್ತಿ ನೋಡ್ತೀನಿ, ಈ ಗಡಿಯಾರ ನಾಲ್ಕು ನಿಮಿಷ ಹಿಂದಿದೆ. ಬಾಯಿಗೆ ಬಂದದ್ದು ಶುರುಮಾಡಿದೆ. ಕಸುಬುದಾರ ಅಂದೆ, ಹೆಂಡತಿ ಅಂದೆ, ಹಡಗು ಅಂದೆ. ಜನ ಸುಮ್ಮನಾದ್ರು. ಕಥೆ ಮುಗಿಯೋದಕ್ಕೂ ಅವಳು ಆ ಮೂಲೆಯಿಂದ ಓಡಿ ಬರೋದಕ್ಕೂ ಸರಿಹೋಯ್ತು. ಎಲ್ಲರೂ ಚಪ್ಪಾಳೆ ಹೊಡೆದ್ರು. ಪಾಪ, ಯಾಕೆ ಹೊಡೀತಿದಾರೆ ಅಂತ ಅವಳಿಗೆ ಗೊತ್ತಾಗ್ಲಿಲ್ಲ, ಮುಖ ಕೆಂಪು ಮಾಡ್ಕೊಂಡು ನನ್ನೇ ನೋಡಿದ್ಲು."

"ಆಮೇಲೆ ಹೇಳಿದ್ರಾ ಅವರಿಗೆ?" ಎಂದಳು ಹೊಸ ಮದುಮಗಳು.

"ಎಲ್ಲಿ ಹೇಳೋದು! ಮಾರನೇ ದಿನ ಪುಸ್ತಕ ತಂದು ಈ ಕಥೇನ ಬರ್ಕೊಂಡ್ಲು. ಎಷ್ಟು ಚೆನ್ನಾಗಿದೆ ಅಂತ ಕಣ್ಣಲ್ಲಿ ನೀರು. ನಿಜ ಹೇಳಿದ್ರೆ ಆ ನೀರು ನಿಂತುಹೋಗ್ತಿತ್ತು."

ಕಂಬದ ಮರೆಯಲ್ಲಿ ಗೈಡಮ್ಮ ತನ್ನ ಕಾಲಿನ ಚಪ್ಪಲಿ ನೋಡಿಕೊಂಡಳು. ಆ ಚಪ್ಪಾಳೆ ಅವಳಿಗೆ ಚೆನ್ನಾಗಿ ನೆನಪಿತ್ತು. ತಡವಾಗಿ ಬಂದವಳಿಗೆ ಬೈಗುಳ ಬಿಟ್ಟು ಚಪ್ಪಾಳೆ ಏಕೆ ಎಂದು ಎಷ್ಟೋ ವರ್ಷ ಯೋಚಿಸಿದ್ದಳು. ಗಂಡನನ್ನು ಕೇಳಿದರೆ, "ಓಡಿ ಬಂದ ಚಂದಕ್ಕೆ ಹೊಡೆದ್ರು ಕಣೇ," ಎಂದು ನಕ್ಕುಬಿಡುತ್ತಿದ್ದರು. ಇಪ್ಪತ್ತೆಂಟು ವರ್ಷ ಊರಿಗೆಲ್ಲ ಮೈಕಿನಲ್ಲಿ ಸಾರಿದ್ದು ತನ್ನದೇ ಕಥೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಅವಳು ಮುಂದೆ ಬಂದಳು. "ರೀ," ಎಂದಳು.

ಯಜಮಾನರು ತಿರುಗಿದರು. ಮುಖದ ತುಂಬ ನಗು. ಅವಳಿಗೆ ಆ ನಗು ಗೊತ್ತಿತ್ತು. ಬಸ್ಸು ಹತ್ತುವ ಪ್ರತಿಯೊಬ್ಬರಿಗೂ ಕೊಡುತ್ತಿದ್ದ ನಗು ಅದು.

"ಬನ್ನಿ ಅಮ್ಮ, ಬನ್ನಿ. ಸ್ವಲ್ಪ ತಡ ಆಯ್ತು ನಿಮಗೆ, ಪರವಾಗಿಲ್ಲ. ಬಿಸಿಲಲ್ಲಿ ನಿಂತ್ಕೋಬೇಡಿ."

"ರೀ, ನಾನೇ. ಆ ಚಪ್ಪಲಿ ಹುಡುಗಿ ನಾನೇ ಅಲ್ವಾ? ನೋಡಿ, ಸರಿಯಾಗಿ ನೋಡಿ ನನ್ನ ಮುಖಾನ."

ಅವರು ನೋಡಿದರು, ಒಳ್ಳೆಯ ಮನಸ್ಸಿನಿಂದಲೇ ನೋಡಿದರು. ಮುಖ ನೋಡಿದರು, ಕಾಲು ನೋಡಿದರು, ಎರಡೂ ಕಾಲಿನಲ್ಲಿ ಚಪ್ಪಲಿ ಸರಿಯಾಗಿರುವುದು ನೋಡಿದರು. "ಇಲ್ಲಮ್ಮ," ಎಂದರು ಮೆಲ್ಲಗೆ, ಅವಳಿಗೆ ನೋವಾಗದ ಹಾಗೆ. "ಅವಳು ಇನ್ನೂ ಹುಡುಗಿ. ನಮ್ಮ ಮಾತು ಕೇಳಿಸ್ತೇನೋ ನಿಮಗೆ. ಹೇಳ್ಬೇಡಿ ಅವಳಿಗೆ."

ಟೋಪಿ ಅಜ್ಜಿಗೆ ಏನೋ ಅರ್ಥವಾಯಿತು. ಅದು ಬಂದು ಗೈಡಮ್ಮನ ರಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿತು.

"ಸರಿ, ಹೊರಡೋಣ," ಎಂದರು ಯಜಮಾನರು. ಮೆಟ್ಟಿಲಿಳಿದು, ಹಿಂದಿನವರಿಂದ ಶುರುಮಾಡಿ, ಒಬ್ಬೊಬ್ಬರ ಭುಜ ಮುಟ್ಟುತ್ತಾ ಎಣಿಸಿದರು. ಮಕ್ಕಳು ತಮಾಷೆಗೆಂದು ನೆಟ್ಟಗೆ ನಿಂತರು. ಎಂಟು, ಒಂಬತ್ತು, ಅಜ್ಜಿಯ ಭುಜ ಹತ್ತು, ಗೈಡಮ್ಮನ ಭುಜ ಹನ್ನೊಂದು. ಅವರ ಬೆರಳು ಅವಳ ಭುಜದ ಮೇಲೆ ಎಷ್ಟು ಇರಬೇಕೋ ಅಷ್ಟೇ ಹೊತ್ತು ಇತ್ತು. ಅವರ ಕಣ್ಣು ಅವಳ ಮುಖಕ್ಕೆ ಬರಲಿಲ್ಲ.

"ಹನ್ನೊಂದು," ಎಂದರು. "ಒಬ್ಬರು ಕಡಿಮೆ ಇದಾರೆ."

"ಯಾರು ಸಾರ್?"

"ಇನ್ಯಾರು, ಅವಳೇ. ಬರ್ತಾಳೆ. ನಾಲ್ಕು ನಿಮಿಷ ಕಾಯೋಣ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಜೋಡಿ ಸದ್ದಿಲ್ಲದೆ ಹಿಂದೆ ಸರಿಯಿತು. ಥ್ಯಾಂಕ್ಸ್ ಸಾರ್, ಹೋಗ್ಬರ್ತೀವಿ ಸಾರ್ ಎನ್ನುತ್ತಾ ಒಬ್ಬೊಬ್ಬರೇ ಕರಗಿದರು. ಯಜಮಾನರು ಅವರಿಗೆಲ್ಲ ಕೈಮುಗಿದು, ಮೆಟ್ಟಿಲ ಮೇಲೆ ಕೂತು ಚಪ್ಪಲಿ ಹೊಲಿಯುವವನು ಕೂರುತ್ತಿದ್ದ ಮೂಲೆಯ ಕಡೆಗೇ ನೋಡತೊಡಗಿದರು. ಈಗ ಆ ಮೂಲೆಯಲ್ಲಿ ಮೊಬೈಲ್ ಅಂಗಡಿ ಇದೆ.

ಫೋನು ಗುರುಗುಟ್ಟಿತು. ಮಗಳು.

"ಅಮ್ಮ, ಅವರು ಮತ್ತೆ ಕೇಳಿದ್ರು. ಬೇಡ ಅಂತಾನೇ ಹೇಳ್ಲಾ?" ಬೆಳಗಿನ ಅಳು ಇನ್ನೂ ಅವಳ ದನಿಯಲ್ಲಿತ್ತು. "ಬೇಜಾರ್ ಮಾಡ್ಕೋಬೇಡ ಅಮ್ಮ. ನಾನು ನಿನ್ನ ಬಲವಂತ ಮಾಡಲ್ಲ."

ಗೈಡಮ್ಮ ಗೋಪುರದ ಗೋಡೆಗೆ ಒರಗಿದಳು. ಕಲ್ಲು ಬಿಸಿಯಾಗಿತ್ತು.

"ಹೂಂ ಅಂದ್ಬಿಡು."

"ಏನಂದೆ?"

"ಹೂಂ ಅಂತ ಹೇಳು ಅವರಿಗೆ. ನಾಳೆ ಕರ್ಕೊಂಡು ಬರ್ತೀನಿ ಅಂತ ಹೇಳು."

"ಅಮ್ಮ, ಏನಾಯ್ತು? ಅಪ್ಪ ಎಲ್ಲಿ?"

"ಇಲ್ಲೇ ಇದಾರೆ. ಬಿಟ್ಟು ಬಂದಿದ್ದೆ ಕಣೇ. ಎಣಿಸಿ ಎಣಿಸಿ ಬಿಟ್ಟು ಬಂದೆ." ಅದಕ್ಕಿಂತ ಹೆಚ್ಚು ಅವಳ ಕೈಲಿ ಆಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಬಂದರಿನ ಕಡೆ ತಿರುಗಿ, ಅವರಿಗೆ ಕಾಣದ ಹಾಗೆ ಅತ್ತಳು. ಮಗಳು ಅತ್ತ ಕಡೆಯಿಂದ ಅಮ್ಮ ಅಮ್ಮ ಎನ್ನುತ್ತಲೇ ಇದ್ದಳು.

ಮುಖ ಒರೆಸಿಕೊಂಡು ಬಂದು ಮೆಟ್ಟಿಲಿನ ಮೇಲೆ ಗಂಡನ ಪಕ್ಕ ಕೂರಹೋದಳು. ಅವರು ಗಾಬರಿಯಾಗಿ ಕೈ ಅಡ್ಡ ಹಿಡಿದರು.

"ಅಲ್ಲಿ ಬೇಡಮ್ಮ. ತಪ್ಪು ತಿಳ್ಕೋಬೇಡಿ. ಅದು ಅವಳ ಜಾಗ."

ಬೇರೆ ಯಾರಾದರೂ ಬಂದು ಕೂತುಬಿಡುತ್ತಾರೋ ಎಂದು ಹೆದರಿದವರಂತೆ, ಜೇಬಿನಿಂದ ಕರ್ಚೀಫು ತೆಗೆದು ಆ ಕಲ್ಲಿನ ಮೇಲೆ ಹಾಸಿದರು. ಬೆಳಿಗ್ಗೆ ಅವಳೇ ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿ ಇಟ್ಟ ಕರ್ಚೀಫು. ಅವರು ಅದರ ನಾಲ್ಕೂ ಮೂಲೆ ಎಳೆದು ಸರಿಮಾಡಿದರು. ಅವಳು ಅದರಾಚೆ ಕೂತಳು.

"ಲೇಟಾದ್ರೆ ಪ್ಯಾಸೆಂಜರು ಬೈತಾರಲ್ವಾ?" ಎಂದು ಕೇಳಿದಳು, ಏನಾದರೂ ಕೇಳಬೇಕೆಂದು.

"ಬೈಲಿ. ಇನ್ನೊಂದು ಕಥೆ ಕಟ್ಟಿದ್ರಾಯ್ತು."

ಚೌಕದ ಆ ತುದಿಯಲ್ಲಿ ಬಸ್ಸು ಕಾಣಿಸಿತು. ಸೇತುವೆ ಸುತ್ತಿಕೊಂಡು ಬಂದು, ನಿಲ್ಲಿಸಬಾರದ ಜಾಗದಲ್ಲೇ ಡ್ರೈವರಣ್ಣ ನಿಲ್ಲಿಸಿದ. ಹಾರ್ನ್ ಹೊಡೆಯಲಿಲ್ಲ. ಕಿಟಕಿಗಳಲ್ಲಿ ಅಷ್ಟೂ ಜನ ಈ ಕಡೆಗೇ ನೋಡುತ್ತಿದ್ದರು, ಒಬ್ಬರೂ ಫೋಟೋ ತೆಗೆಯುತ್ತಿರಲಿಲ್ಲ. ಬಾಗಿಲು ತೆರೆದುಕೊಂಡು ಹಾಗೆಯೇ ಇತ್ತು.

ಗೈಡಮ್ಮನಿಗೆ ಕೈಯಲ್ಲಿ ಇನ್ನೂ ಬಾಟಲಿ ಇರುವುದು ಆಗ ಗೊತ್ತಾಯಿತು. ಮುಚ್ಚಳ ತಿರುಗಿಸಿ ಗಂಡನ ಕಡೆ ಚಾಚಿದಳು. "ಎರಡು ಗುಟುಕು ಕುಡೀರಿ. ಗಂಟಲು ಒಣಗಿರುತ್ತೆ."

ಅವರು ಬಾಟಲಿ ತೆಗೆದುಕೊಂಡರು. ಆದರೆ ಕುಡಿಯಲಿಲ್ಲ. ಮುಚ್ಚಳವನ್ನು ಅವಳ ಕೈಯಿಂದ ಈಸಿಕೊಂಡು, ಬಿಗಿಯಾಗಿ ತಿರುಗಿಸಿ, ಬಾಟಲಿಯನ್ನು ಕರ್ಚೀಫಿನ ನಡುವೆ ನಿಲ್ಲಿಸಿದರು.

"ಓಡಿ ಬರ್ತಾಳೆ, ಬಾಯಾರಿರುತ್ತೆ," ಎಂದರು.

ತಲೆಯ ಮೇಲೆ ಪೇಟೆಯ ಕಡೆಯ ಗಡಿಯಾರ ಐದು ಹೊಡೆಯಿತು. ಇಬ್ಬರೂ ಆ ಮೂಲೆಯ ಕಡೆ ನೋಡುತ್ತಾ ಕೂತರು. ನಡುವೆ ಬಿಳಿ ಕರ್ಚೀಫಿನ ಮೇಲೆ ಬಾಟಲಿಯ ನೀರು ಒಂದಿಷ್ಟು ಅಲುಗಾಡಿ, ಆಮೇಲೆ ನಿಂತಿತು.